ಸತ್ತವನನ್ನು ಎಬ್ಬಿಸಿದ ಕಥೆ: ‘ಸ್ವೋರ್ಡ್ ಆಫ್ ಡೆಸ್ಟಿನಿ’ ಚಿತ್ರವಿಮರ್ಶೆ

ಆಂಗ್ ಲೀ ನಿರ್ದೇಶಿಸಿದ ‘ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್’ ಚಿತ್ರದಲ್ಲಿ ನಾವು ಒಮ್ಮೆಯೂ ಕಣ್ಣಾರೆ ಕಾಣದ ಒಬ್ಬ ಮನುಷ್ಯನಿದ್ದಾನೆ. ಅವನ ಹೆಸರು ಮೆಂಗ್ ಸಿ ಝಾವ್. ಯು ಶು ಲಿಯೆನ್ ಎಂಬ ಯೋಧೆಗೆ ನಿಶ್ಚಯವಾಗಿದ್ದ ವರ ಅವನು. ಲೀ ಮು ಬಾಯ್ ಎಂಬ ಖಡ್ಗವೀರನಿಗೆ ಆಣೆಯಿಟ್ಟು ಅಣ್ಣತಮ್ಮನಾದ ಗೆಳೆಯನೂ ಹೌದು. ಕಥೆ ತೊಡಗುವ ಎಷ್ಟೋ ಮೊದಲೇ ಅವನು ಮು ಬಾಯ್‌ನ ವೈರಿಯ ಕತ್ತಿಗೆ ಬಲಿಯಾಗಿದ್ದಾನೆ. ಅವನ ಪ್ರಸ್ತಾಪ ಬರುವುದು ನಾಲ್ಕಾರು ಮಾತುಗಳಲ್ಲಿ ಮಾತ್ರ, ಆದರೆ ಇಡೀ ಚಿತ್ರ ನಿಂತಿರುವುದು ಅವನ ಸಾವಿನ ಮೇಲೆ. ಶು ಲಿಯೆನ್ ಮತ್ತು ಮು ಬಾಯ್ ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆಂಬುದು ಅವರಿಬ್ಬರಿಗೂ ಗೊತ್ತು, ಸುತ್ತಲಿನವರಿಗೂ ಗೊತ್ತು. ಆದರೂ ಸತ್ತವನ ನೆನಪಿಗೆ ಅಪಚಾರವಾದೀತೆಂದು ಇಬ್ಬರೂ ವರ್ಷಗಟ್ಟಲೆ ಬಾಯಿ ಬಿಡದೆ ಉಳಿದುಬಿಡುತ್ತಾರೆ, ಮತ್ತು ಆ ಮಾತನ್ನು ಕೊನೆಗೂ ಆಡುವಾಗ ಮು ಬಾಯ್‌ಗೆ ಉಳಿದಿರುವುದು ಕೆಲವೇ ಉಸಿರು.

2016ರ ಫೆಬ್ರವರಿಯಲ್ಲಿ ಬಂದ ಇದರ ಎರಡನೆಯ ಭಾಗ ‘ಸ್ವೋರ್ಡ್ ಆಫ್ ಡೆಸ್ಟಿನಿ’ ಆ ಸತ್ತವನನ್ನೇ ಜೀವಂತವಾಗಿ ಎಬ್ಬಿಸಿ ತಂದು, ಕುದುರೆಯ ಮೇಲೆ ಕೂರಿಸಿ, ನಾಯಕನನ್ನಾಗಿ ಮಾಡಿದೆ. ನನ್ನ ನಿರಾಸೆ ಅಲ್ಲಿಂದಲೇ ಶುರುವಾಗುತ್ತದೆ.

ಈ ಚಿತ್ರವನ್ನು ಕೈಲಾಗದವರು ಮಾಡಿದ್ದರೆ ಇಷ್ಟು ಬೇಸರವಾಗುತ್ತಿರಲಿಲ್ಲ. ನಿರ್ದೇಶಕ ಯುಯೆನ್ ವೂ-ಪಿಂಗ್ ಹಾಂಗ್‌ಕಾಂಗ್ ಸಾಹಸ ಚಿತ್ರಗಳ ದೊಡ್ಡ ಗುರು. 1978ರಲ್ಲಿ ಜಾಕಿ ಚಾನ್ ಅವರನ್ನಿಟ್ಟುಕೊಂಡು ‘ಡ್ರಂಕನ್ ಮಾಸ್ಟರ್’ ಚಿತ್ರ ನಿರ್ದೇಶಿಸಿದವರು ಅವರು. 1999ರ ‘ದಿ ಮ್ಯಾಟ್ರಿಕ್ಸ್’ ಚಿತ್ರದ ಹೊಡೆದಾಟಗಳನ್ನು ಸಂಯೋಜಿಸಿದವರೂ ಅವರೇ. ಎಲ್ಲಕ್ಕಿಂತ ಮುಖ್ಯವಾಗಿ, 2000ದ ಮೊದಲ ಚಿತ್ರದ ಸಾಹಸ ದೃಶ್ಯಗಳು ಕೂಡ ಅವರ ಕೈಯಿಂದಲೇ ಬಂದವು. ಶು ಲಿಯೆನ್ ಪಾತ್ರಕ್ಕೆ ಮಿಷೆಲ್ ಯೋ ಮರಳಿದ್ದಾರೆ. ಡಾನಿ ಯೆನ್ ಜೊತೆಗಿದ್ದಾರೆ. ಕಥೆಯ ಮೂಲವೂ ಅದೇ, ವಾಂಗ್ ಡುಲು ಬರೆದ ಐದು ಕಾದಂಬರಿಗಳ ಮಾಲೆ. ಮೊದಲ ಚಿತ್ರ ನಾಲ್ಕನೆಯ ಕಾದಂಬರಿಯಿಂದ ಬಂದರೆ ಇದು ಐದನೆಯದರಿಂದ ಬಂದಿದೆ. ಇಷ್ಟೆಲ್ಲ ಕೂಡಿಬಂದ ಮೇಲೂ ಚಿತ್ರ ಯಾಕೆ ಎದೆಗೆ ತಾಕುವುದಿಲ್ಲ ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಕಳೆದ ತಿಂಗಳು ಎರಡು ರಜಾದಿನಗಳಲ್ಲಿ, ಹನುಮಂತನಗರದ ನಮ್ಮ ಮನೆಯಲ್ಲಿ, ಅಕ್ಕನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡನ್ನೂ ನೋಡಿದೆ. ಅವನಿಗೆ ಹನ್ನೆರಡು ವರ್ಷ, ಎರಡು ವರ್ಷದಿಂದ ಕರಾಟೆ ಕಲಿಯುತ್ತಿದ್ದಾನೆ. ಹೊಸದನ್ನು ಮೊದಲ ದಿನ ನೋಡಿದೆವು, ಹಳೆಯದನ್ನು ಮರುದಿನ.

ನಾನು ಬೆಳೆದ ಕಾಲದ ಬೆಂಗಳೂರಿನಲ್ಲಿ ಕರಾಟೆ ಎಂದರೆ ಶಂಕರ್‌ನಾಗ್. ‘ಕರಾಟೆ ಕಿಂಗ್’ ಎಂಬ ಬಿರುದಿನೊಂದಿಗೆ ಅವರ ಚಿತ್ರ ಇಂದಿಗೂ ನಗರದ ಆಟೋಗಳ ಹಿಂಬದಿಯಲ್ಲಿ ಓಡಾಡುತ್ತದೆ. ಅವರನ್ನು ನೋಡಿ ಶಾಲೆಯ ಮೈದಾನದಲ್ಲಿ ಬಿಳಿ ಬಟ್ಟೆ ತೊಟ್ಟು ನಿಂತ ಹುಡುಗರಲ್ಲಿ ನಾನೂ ಒಬ್ಬ. ನಮ್ಮ ಮಾಸ್ಟರು ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು: ಎದುರಾಳಿಯ ಕೈ ನೋಡಬೇಡ, ಭುಜ ನೋಡು, ಅವನು ಏನು ಮಾಡುತ್ತಾನೆಂಬುದು ಕೈಗಿಂತ ಮೊದಲು ಭುಜಕ್ಕೆ ಗೊತ್ತಾಗುತ್ತದೆ. ಗೆಳೆಯನ ಮನೆಯಲ್ಲಿ ಎರಡು ವಿಸಿಡಿಗಳಲ್ಲಿ ಮೊದಲ ಚಿತ್ರವನ್ನು ನೋಡಿದಾಗ, ನಡುವೆ ಡಿಸ್ಕ್ ಬದಲಿಸುವಷ್ಟು ಹೊತ್ತೂ ಯಾರೂ ಮಾತಾಡದೆ ಕುಳಿತಿದ್ದಾಗ, ನನಗೆ ನೆನಪಾದದ್ದು ಆ ಮಾತೇ. ಆ ಚಿತ್ರದಲ್ಲಿ ಪ್ರತಿಯೊಂದು ಏಟಿಗೂ ಮೊದಲು ಮನಸ್ಸು ಕದಲುವುದು ಕಾಣುತ್ತದೆ.

ಒಂದು ದೃಶ್ಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಎರಡನೆಯ ಚಿತ್ರದ ಕೊರತೆಯನ್ನು ಅಳೆಯಲು ನನಗೆ ಅದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ. ಶು ಲಿಯೆನ್ ಮತ್ತು ಜೆನ್ ಎಂಬ ಹುಡುಗಿ (ನಟಿ ಜಾಂಗ್ ಜಿಯಿ) ಗರಡಿಯಂಥ ಅಂಗಳದಲ್ಲಿ ಎದುರುಬದುರಾಗುತ್ತಾರೆ. ಅಕ್ಕತಂಗಿಯರಂತೆ ಇರೋಣವೆಂದು ಮಾತು ಕೊಟ್ಟುಕೊಂಡವರು ಇವರು. ಜೆನ್ ಕೈಯಲ್ಲಿ ಕದ್ದು ತಂದ, ಮು ಬಾಯ್‌ನ ‘ಗ್ರೀನ್ ಡೆಸ್ಟಿನಿ’ ಖಡ್ಗವಿದೆ, ಅದು ಯಾವ ಲೋಹವನ್ನಾದರೂ ಕತ್ತರಿಸಬಲ್ಲದು. ಶು ಲಿಯೆನ್ ಗೋಡೆಯಂಚಿನಿಂದ ಒಂದೊಂದೇ ಆಯುಧ ಎತ್ತಿಕೊಳ್ಳುತ್ತಾಳೆ: ಜೋಡಿ ಕತ್ತಿ, ಈಟಿ, ಕೊಕ್ಕೆಯಿರುವ ಕತ್ತಿಗಳು. ಒಂದೊಂದೂ ಆ ಖಡ್ಗದೆದುರು ಸೋಲುತ್ತಾ ಹೋಗುತ್ತದೆ. ಒಮ್ಮೆ ಭಾರವಾದ ಲೋಹದ ದಂಡವನ್ನು ಎತ್ತಲು ಹೋಗಿ ಅವಳಿಗೆ ಆಗುವುದೇ ಇಲ್ಲ, ಅದನ್ನು ಅಲ್ಲಿಯೇ ಬಿಟ್ಟು ಮತ್ತೊಂದಕ್ಕೆ ಕೈ ಹಾಕುತ್ತಾಳೆ. ಆ ಒಂದು ಕ್ಷಣದಲ್ಲಿ ಅವಳ ವಯಸ್ಸು, ಅವಳ ದಣಿವು, ಆದರೂ ಸೋಲನ್ನು ಒಪ್ಪದ ಅನುಭವ ಎಲ್ಲವೂ ಕಾಣಿಸಿಕೊಳ್ಳುತ್ತವೆ. ಕೊನೆಗೆ ಮುರಿದ ಕತ್ತಿಯ ತುಂಡೇ ಜೆನ್ ಕುತ್ತಿಗೆಗೆ ಬಂದು ನಿಲ್ಲುತ್ತದೆ, ಆದರೆ ಶು ಲಿಯೆನ್ ಹೊಡೆಯುವುದಿಲ್ಲ. ತಂಗಿಯೆಂದು ಒಪ್ಪಿಕೊಂಡವಳನ್ನು ಅವಳು ಕೊಲ್ಲಲಾರಳು. ಹುಡುಗಿ ಆ ಕರುಣೆಯನ್ನೇ ಬಳಸಿಕೊಂಡು ಅವಳ ತೋಳನ್ನು ಸೀಳುತ್ತಾಳೆ. ಮಾತಿನಲ್ಲಿ ಹೇಳಿದ್ದರೆ ಹತ್ತು ಪುಟವಾಗುತ್ತಿದ್ದ ಜಗಳವೊಂದು ಅಲ್ಲಿ ಆಯುಧಗಳಲ್ಲಿ ನಡೆದುಹೋಗಿದೆ. ಇದೇ ಚಿತ್ರೀಕರಣದಲ್ಲಿ ಮಿಷೆಲ್ ಯೋ ಮಂಡಿಯ ಅಸ್ಥಿಬಂಧ ಹರಿದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮರಳಿ ಬಂದವರು ಎಂಬುದನ್ನು ತಿಳಿದ ಮೇಲೆ ಆ ದೃಶ್ಯದ ಮೇಲಿನ ನನ್ನ ಗೌರವ ಇನ್ನೂ ಹೆಚ್ಚಿತು.

ಎರಡನೆಯ ಚಿತ್ರದಲ್ಲಿ ಹೊಡೆದಾಟಗಳಿಗೆ ಕೊರತೆಯಿಲ್ಲ. ಹಿಮದ ದಾರಿಯಲ್ಲಿ ಗಾಡಿಯ ಮೇಲೆ ದಾಳಿ ನಡೆಯುತ್ತದೆ, ಹೆಂಡದಂಗಡಿಯಲ್ಲಿ ಬಡಿದಾಟವಾಗುತ್ತದೆ, ಹೆಪ್ಪುಗಟ್ಟಿದ ಸರೋವರದ ಮೇಲೆ ಡಾನಿ ಯೆನ್ ಜಾರುತ್ತಾ ಕಾದಾಡುತ್ತಾರೆ. ಸರೋವರದ ದೃಶ್ಯವನ್ನು ನಾನು ಮೆಚ್ಚಿಕೊಂಡೆ. ಜಾರುವ ನೆಲದ ಮೇಲೆ ಸಮತೋಲ ಕಾಯ್ದುಕೊಳ್ಳುವುದೇ ಅಲ್ಲಿ ಯುದ್ಧದ ಅರ್ಧ ಭಾಗವಾಗಿರುವುದರಿಂದ ಕಲಾವಿದನ ನಿಜವಾದ ಕೌಶಲ ಕಣ್ಣಿಗೆ ಬೀಳುತ್ತದೆ. ಆದರೆ ಉಳಿದ ಕಡೆ ಯಾರು ಯಾರನ್ನು ಹೊಡೆಯುತ್ತಿದ್ದಾರೆಂಬುದು ತಿಳಿಯುತ್ತದೆಯೇ ಹೊರತು, ಆ ಏಟಿನಿಂದ ಅವರಿಬ್ಬರ ನಡುವೆ ಏನು ಬದಲಾಯಿತು ಎಂಬುದು ತಿಳಿಯುವುದಿಲ್ಲ. ಹೆಂಡದಂಗಡಿಯಲ್ಲಿ ಸಿಲ್ವರ್ ಡಾರ್ಟ್, ಥಂಡರ್ ಫಿಸ್ಟ್, ಫ್ಲೈಯಿಂಗ್ ಬ್ಲೇಡ್, ಟರ್ಟಲ್ ಎಂಬ ಅಡ್ಡಹೆಸರುಗಳ ವೀರರು ನಾಯಕನ ಜೊತೆ ಸೇರುತ್ತಾರೆ. ಒಬ್ಬೊಬ್ಬರಿಗೂ ಒಂದು ಹೆಸರಿದೆ, ಒಂದು ವರಸೆಯಿದೆ, ಅದಕ್ಕಿಂತ ಹೆಚ್ಚಿನ ಬದುಕು ಇಲ್ಲ. ಮುಂದೆ ಅವರಲ್ಲಿ ಹಲವರು ಅದೇ ‘ಗ್ರೀನ್ ಡೆಸ್ಟಿನಿ’ ಖಡ್ಗವನ್ನು ಕಾಯುತ್ತಾ ಪ್ರಾಣ ಕೊಡುತ್ತಾರೆ. ಆ ಸಾವುಗಳು ನಮ್ಮನ್ನು ಕಲಕಬೇಕಿತ್ತು, ಆದರೆ ಅವರ ಪರಿಚಯವೇ ನಮಗೆ ಆಗಿರಲಿಲ್ಲ.

ರವೀಂದ್ರ ಕಲಾಕ್ಷೇತ್ರದಲ್ಲಿ ಇಡೀ ರಾತ್ರಿಯ ಯಕ್ಷಗಾನ ನೋಡಿ ಬೆಳಗಿನ ಬಸ್ಸಿಗೆ ಮನೆಗೆ ಮರಳಿದವರಿಗೆ ನಾನು ಹೇಳುತ್ತಿರುವುದು ಬೇಗ ಅರ್ಥವಾದೀತು. ಅರ್ಜುನನೂ ಬಭ್ರುವಾಹನನೂ ಎದುರಾಗುವ ಪ್ರಸಂಗದಲ್ಲಿ ಯುದ್ಧದ ಕುಣಿತ ಎಷ್ಟು ಹೊತ್ತು ನಡೆದರೂ ನಮಗೆ ಸಾಕೆನಿಸುವುದಿಲ್ಲ, ಯಾಕೆಂದರೆ ತಂದೆ ಮಗನನ್ನು ಹೀನಾಯವಾಗಿ ಜರೆದ ಮಾತು ಆಗಲೇ ನಡೆದಿರುತ್ತದೆ, ಮತ್ತು ಚಂಡೆಯ ಪ್ರತಿ ಪೆಟ್ಟಿನಲ್ಲೂ ಆ ಮಾತು ಮರಳಿ ಕೇಳುತ್ತಿರುತ್ತದೆ. ಅಲ್ಲಿ ಬಾಣ ತಾಗುವುದಿಲ್ಲ, ಕತ್ತಿ ಮೈ ಮುಟ್ಟುವುದಿಲ್ಲ, ಆದರೂ ನೋವಾಗುತ್ತದೆ. ಮೊದಲ ಚಿತ್ರಕ್ಕೆ ಸಂಗೀತ ಕೊಟ್ಟ ಟಾನ್ ಡುನ್ ಅವರಿಗೂ ಈ ಮರ್ಮ ತಿಳಿದಿತ್ತು. ರಾತ್ರಿ ಮಾಳಿಗೆಗಳ ಮೇಲಿನ ಬೆನ್ನಟ್ಟುವಿಕೆಗೆ ಅವರು ಕೊಟ್ಟದ್ದು ಬರಿಯ ಚರ್ಮವಾದ್ಯಗಳ ಬಡಿತ, ಪ್ರೀತಿಯ ದೃಶ್ಯಗಳಿಗೆ ಉಳಿಸಿಕೊಂಡದ್ದು ಯೋ-ಯೋ ಮಾ ಅವರ ಚೆಲ್ಲೋ. ಹೊಸ ಚಿತ್ರದ ಸಂಗೀತ ಎಲ್ಲೆಡೆಯೂ ಇದೆ, ಆದರೆ ಮುಗಿದ ಮೇಲೆ ನನ್ನ ಕಿವಿಯಲ್ಲಿ ಒಂದು ಎಳೆಯೂ ಉಳಿಯಲಿಲ್ಲ.

ಮತ್ತೆ ಮೆಂಗ್ ಸಿ ಝಾವ್‌ನ ಮಾತಿಗೆ ಬರುತ್ತೇನೆ. ಡಾನಿ ಯೆನ್ ನಟಿಸಿದ ‘ಸೈಲೆಂಟ್ ವುಲ್ಫ್’ ಎಂಬ ಮುಸುಕಿನ ಯೋಧ ಯಾರೆಂದರೆ ಅವನೇ. ಮೂಲ ಚೀನೀ ಕಥೆಗಳಲ್ಲಿ ಇಂಥ ವೀರರು ಬದುಕುವ ಲೋಕಕ್ಕೆ ‘ಜಿಯಾಂಗ್‌ಹು’ ಎಂಬ ಹೆಸರಿದೆ. ಪದಶಃ ಅರ್ಥ ನದಿಗಳು ಮತ್ತು ಸರೋವರಗಳು ಎಂದು. ಅರಮನೆಯ ಕಾನೂನಿಗೆ ಹೊರಗಿರುವ, ಕೊಟ್ಟ ಮಾತೊಂದೇ ಕಾನೂನಾಗಿರುವ ಲೋಕ ಅದು. ನಮ್ಮ ಪುಣ್ಯಕೋಟಿಯ ಹಾಡನ್ನು ಬಾಯಿಪಾಠ ಮಾಡಿದವರಿಗೆ ಕೊಟ್ಟ ಮಾತಿನ ತೂಕವನ್ನು ಬಿಡಿಸಿ ಹೇಳಬೇಕಿಲ್ಲ. ಶು ಲಿಯೆನ್ ಮತ್ತು ಮು ಬಾಯ್ ಆ ತೂಕವನ್ನು ಜೀವನವಿಡೀ ಹೊತ್ತರು. ಒಂದು ದೃಶ್ಯದಲ್ಲಿ ಚಹಾ ಕುಡಿಯುತ್ತಾ ಕುಳಿತಾಗ ಮು ಬಾಯ್ ಅವಳ ಕೈಯನ್ನು ಹಿಡಿದು ಕೆನ್ನೆಗೆ ಒತ್ತಿಕೊಳ್ಳುತ್ತಾನೆ, ಇಬ್ಬರ ನಡುವೆ ಅಷ್ಟರವರೆಗೆ ಆಗುವ ಸ್ಪರ್ಶ ಬಹುತೇಕ ಅಷ್ಟೇ, ಮತ್ತು ಅದನ್ನು ನೋಡುವಾಗ ನಮ್ಮ ಉಸಿರು ಬಿಗಿಯುತ್ತದೆ. ಆ ವ್ರತಕ್ಕೆ ಕಾರಣನಾದವನು ಸತ್ತೇ ಇರಲಿಲ್ಲ ಎಂದು ಎರಡನೆಯ ಚಿತ್ರ ಹೇಳಿದ ಕೂಡಲೇ ಆ ಕೈ, ಆ ಕೆನ್ನೆ, ಮು ಬಾಯ್‌ನ ಕೊನೆಯುಸಿರು ಎಲ್ಲವೂ ಒಂದು ತಪ್ಪು ತಿಳಿವಳಿಕೆಯ ಫಲವಾಗಿಬಿಡುತ್ತವೆ. ಇಷ್ಟು ದೊಡ್ಡ ಗಾಯವನ್ನು ತೆರೆದ ಮೇಲಾದರೂ ಚಿತ್ರ ಅಲ್ಲಿ ನಿಲ್ಲಬೇಕಿತ್ತು. ಬದುಕಿ ಬಂದವನನ್ನು ನೋಡಿದ ಹೆಣ್ಣಿಗೆ ಸಿಟ್ಟು ಬರಬೇಕಿತ್ತು, ಕಳೆದುಹೋದ ವರ್ಷಗಳ ಲೆಕ್ಕವನ್ನು ಅವಳು ಕೇಳಬೇಕಿತ್ತು. ಚಿತ್ರ ಇದನ್ನು ಕೆಲವೇ ಮಾತುಗಳಲ್ಲಿ ಮುಗಿಸಿ, ಖಡ್ಗವನ್ನು ಬಯಸುವ ಹೇಡಿಸ್ ಡಾಯ್ ಎಂಬ ಖಳನ ಗೋಪುರದ ಕಡೆಗೆ ಓಡುತ್ತದೆ.

ಭಾಷೆಯ ವಿಷಯವನ್ನು ಕನ್ನಡಿಗನಾಗಿ ನಾನು ಬಿಡಲಾರೆ. ಮೊದಲ ಚಿತ್ರ ಮ್ಯಾಂಡರಿನ್ ಭಾಷೆಯದು. ಮು ಬಾಯ್ ಆಗಿ ನಟಿಸಿದ ಚೌ ಯುನ್-ಫಾಟ್ ಅವರ ಮನೆಮಾತು ಕ್ಯಾಂಟನೀಸ್, ಮಿಷೆಲ್ ಯೋ ಮಲೇಷ್ಯಾದವರು, ಇವರ ಉಚ್ಚಾರಣೆಯ ಬಗ್ಗೆ ಚೀನಾದ ಪ್ರೇಕ್ಷಕರು ಆಕ್ಷೇಪವೆತ್ತಿದ್ದೂ ಉಂಟು. ಧಾರವಾಡದವರೂ ಮಂಗಳೂರಿನವರೂ ಮೈಸೂರಿನವರೂ ಒಂದೇ ಊರಿನವರಾಗಿ ನಟಿಸಿದರೆ ನಮ್ಮ ಕಿವಿಗೆ ಹೇಗೆ ಕೇಳುತ್ತದೋ ಹಾಗೆ ಅವರಿಗೆ ಕೇಳಿಸಿರಬೇಕು. ಆದರೂ ಆ ಚಿತ್ರ ಆ ಭಾಷೆಯಲ್ಲೇ ಜಗತ್ತನ್ನು ಗೆದ್ದಿತು: 10 ಆಸ್ಕರ್ ನಾಮನಿರ್ದೇಶನಗಳು, ಅವುಗಳಲ್ಲಿ 4 ಪ್ರಶಸ್ತಿಗಳು, ಅಮೆರಿಕವೊಂದರಲ್ಲೇ 12 ಕೋಟಿ ಡಾಲರಿಗೂ ಮಿಕ್ಕಿದ ಗಳಿಕೆ. ಜನ ಅಡಿಬರಹ ಓದಿಕೊಂಡೇ ಅತ್ತರು. ಎರಡನೆಯದನ್ನು ಇಂಗ್ಲಿಷಿನಲ್ಲಿ ಚಿತ್ರಿಸಲಾಯಿತು, ಬಹುಪಾಲು ನ್ಯೂಜಿಲೆಂಡಿನಲ್ಲಿ. ಹಳೆಯ ಬೀಜಿಂಗಿನ ಮನೆಯಲ್ಲಿ ಗುರು, ಶಿಷ್ಯೆ, ದಾಸಿ, ಒಡೆಯ ಎಲ್ಲರೂ ಇಂದಿನ ಇಂಗ್ಲಿಷಿನಲ್ಲಿ ಮಾತಾಡುವಾಗ, ‘ನೀವು’ ಎನ್ನುವುದಕ್ಕೂ ‘ನೀನು’ ಎನ್ನುವುದಕ್ಕೂ ನಡುವೆ ಇರುವ ಇಡೀ ಸಂಬಂಧದ ಲೋಕ ಅಳಿಸಿಹೋಗಿದೆ. ಮ್ಯಾಂಡರಿನ್ ಧ್ವನಿಯನ್ನು ಆಯ್ದುಕೊಂಡು ಮತ್ತೊಮ್ಮೆ ಅರ್ಧ ಗಂಟೆ ನೋಡಿದೆ. ಕಿವಿಗೆ ಸ್ವಲ್ಪ ನೆಮ್ಮದಿಯಾಯಿತು, ಆದರೆ ತುಟಿಗಳು ಇಂಗ್ಲಿಷಿನವೇ ಆಗಿದ್ದವು.

ಈ ಎರಡನೆಯ ಚಿತ್ರದ ಕಿರಿಯ ಜೋಡಿಯ ಕಥೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಟಾಷಾ ಲಿಯು ಬೊರ್ಡಿಝೊ ಮತ್ತು ಹ್ಯಾರಿ ಶುಮ್ ಜೂನಿಯರ್ ಉತ್ಸಾಹದಿಂದ ನಟಿಸಿದ್ದಾರೆ. ಹುಟ್ಟಿದಾಗಲೇ ಅದಲುಬದಲಾದ ಮಕ್ಕಳ ಎಳೆಯನ್ನು ಅವರ ಹೆಗಲಿಗೆ ಹೊರಿಸಲಾಗಿದೆ, ಆದರೆ ಅದು ಹೊರಬಿದ್ದ ಮೇಲೂ ಯಾರ ನಡೆಯೂ ಬದಲಾಗುವುದಿಲ್ಲ.

ಚಿತ್ರವನ್ನು ಕೊನೆಯವರೆಗೆ ನೋಡುವಂತೆ ಮಾಡುವುದು ಮಿಷೆಲ್ ಯೋ. ಶಿಷ್ಯೆಗೆ ಕತ್ತಿ ಹಿಡಿಯುವುದನ್ನು ಕಲಿಸುವಾಗ ಅವರ ದನಿಯಲ್ಲಿರುವ ಬಿಗಿ, ಖಡ್ಗವನ್ನು ನೋಡುವಾಗ ಕಣ್ಣಿನಲ್ಲಿ ಹಾದುಹೋಗುವ ಹಳೆಯ ನೋವು, ಇವು ಸಂಭಾಷಣೆ ಕೊಡದಿದ್ದುದನ್ನು ಕೊಡುತ್ತವೆ. 2023ರಲ್ಲಿ ಶ್ರೇಷ್ಠ ನಟಿಯೆಂದು ಆಸ್ಕರ್ ಪಡೆದವರ ಸಾಮರ್ಥ್ಯ ಈ ಸೊರಗಿದ ಕಥೆಯಲ್ಲೂ ಬತ್ತಿಲ್ಲ. ಡಾನಿ ಯೆನ್ ಅಥವಾ ಯುಯೆನ್ ಅವರ ಕೆಲಸವನ್ನು ಒಂದೂ ಬಿಡದೆ ನೋಡುವ ಅಭಿಮಾನಿಗಳು ಸರೋವರದ ದೃಶ್ಯಕ್ಕಾಗಿ ಇದನ್ನು ನೋಡಬಹುದು. ಮೊದಲ ಚಿತ್ರವನ್ನು ಇನ್ನೂ ನೋಡಿರದವರು ಮಾತ್ರ ದಯವಿಟ್ಟು ಇದರಿಂದ ಆರಂಭಿಸಬೇಡಿ.

ನಾನು ಆ ತಪ್ಪನ್ನು ಮಾಡಿಸಿದ್ದು ಅಕ್ಕನ ಮಗನಿಂದ. ಮೊದಲ ದಿನ ಅವನು ಅರ್ಧಕ್ಕೇ ಎದ್ದು ಹೋಗಿ ಬಾಲ್ಕನಿಯಲ್ಲಿ ತನ್ನ ಕಟಾ, ಅಂದರೆ ಕರಾಟೆಯ ವರಸೆಗಳನ್ನು, ಅಭ್ಯಾಸ ಮಾಡತೊಡಗಿದ್ದ, ನಾನೂ ಕರೆಯಲಿಲ್ಲ. ಮರುದಿನ ಹಳೆಯ ಚಿತ್ರದಲ್ಲಿ ಶು ಲಿಯೆನ್ ಆ ಭಾರದ ದಂಡವನ್ನು ಎತ್ತಲಾಗದೆ ಬಿಟ್ಟ ಗಳಿಗೆಯಲ್ಲಿ ಅವನು ಮೊದಲು ನಕ್ಕ, ಆಮೇಲೆ ಸುಮ್ಮನಾದ. ಕತ್ತಿಯ ತುಂಡು ಜೆನ್ ಕುತ್ತಿಗೆಯ ಬಳಿ ನಿಂತಾಗ ನನ್ನ ಕಡೆ ತಿರುಗಿ, “ಮಾಮ, ಇವರಿಬ್ರೂ ಅಕ್ಕತಂಗಿ ಥರ ಇದ್ರಲ್ವಾ, ಮತ್ತೆ ಯಾಕೆ?” ಎಂದು ಕೇಳಿದ. ನಾನು ಉತ್ತರಿಸುವಷ್ಟರಲ್ಲಿ ಅವನ ಕಣ್ಣು ಮತ್ತೆ ಪರದೆಯ ಮೇಲಿತ್ತು.