ಕರಿ ಕಾಳಿಗೆ ಸರಿಯಾದ ಗಳಿಗೆಗೆ ಗಾಳಿ: ನಾನು ನೋಡಿದ ನಾಲ್ಕು ದಾರಿ

ಕಲಬುರಗಿಯ ಕಪನೂರಿನಲ್ಲಿ ನಮ್ಮ ಕಾಕಾ ಅವರ ಚಿಕ್ಕ ದಾಲ್ ಮಿಲ್ ಇದೆ. ತೊಗರಿ ಬೇಳೆಯಲ್ಲಿ ಉಳಿದ ಕರಿ ಕಾಳು ಹಾರಿಸಲು ಅಲ್ಲಿಗೆ ನಾನೊಂದು ಯಂತ್ರ ಕಟ್ಟಿದೆ. ಬೆಲ್ಟ್ ಸೆಕೆಂಡಿಗೆ 1 ಮೀಟರ್ ಓಡುತ್ತದೆ. ಕ್ಯಾಮೆರಾ ಫೋಟೊ ತೆಗೆದು 300 ಮಿಲಿಸೆಕೆಂಡಿಗೆ ಸರಿಯಾಗಿ ಗಾಳಿ ವಾಲ್ವ್ ತೆರೆಯಬೇಕು. 10 ಮಿಲಿಸೆಕೆಂಡ್ ತಡವಾದರೆ ಕರಿ ಕಾಳು 1 ಸೆಂಟಿಮೀಟರ್ ದಾಟಿರುತ್ತದೆ.

ಮೊದಲು ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್‌ನಲ್ಲಿ ಪೈಥಾನ್ ಭಾಷೆಯ ಸ್ಲೀಪ್ (ಇಷ್ಟು ಹೊತ್ತು ಮಲಗಿ ಆಮೇಲೆ ಮುಂದುವರಿ ಎನ್ನುವ ಆಜ್ಞೆ) ಬಳಸಿದೆ. ಮನೆಯಲ್ಲಿ ಚೆನ್ನಾಗೇ ನಡೆಯಿತು. ಮಿಲ್ಲಿನಲ್ಲಿ ಫೋಟೊಗಳನ್ನು ಮೆಮೊರಿ ಕಾರ್ಡಿಗೆ ಬರೆಯುತ್ತಾ ಓಡಿಸಿದಾಗ ಕೆಟ್ಟಿತು. "ತಮ್ಮಾ, ಛಲೋ ಬ್ಯಾಳಿನೇ ಹೊರಗ ಬೀಳ್ಲತ್ತದಲ್ಲಾ" ಅಂದರು ಕಾಕಾ. ಸ್ಲೀಪ್ ಹೇಳಿದ ಹೊತ್ತಿಗಿಂತ ಮೊದಲು ಎಬ್ಬಿಸುವುದಿಲ್ಲ, ಅಷ್ಟೇ. ಎಷ್ಟು ತಡ ಮಾಡುತ್ತದೋ ಅದಕ್ಕೆ ಮಿತಿಯಿಲ್ಲ. ಜೊತೆಗೆ ಫೋಟೊ ಪರೀಕ್ಷಿಸಲು ಹಿಡಿದ ಸಮಯವೂ 300ರ ಮೇಲೆ ಸೇರುತ್ತಿತ್ತು. ಫೋಟೊ ತೆಗೆದ ಕ್ಷಣಕ್ಕೆ 300 ಕೂಡಿಸಿ "ಆ ಗಳಿಗೆಗೆ ಎಬ್ಬಿಸು" ಎಂದು ಬರೆದಾಗ ಈ ಎರಡನೇ ತಪ್ಪು ಹೋಯಿತು. ಇದಕ್ಕೆ ಕಂಪ್ಯೂಟರ್‌ನ ಮೊನೊಟೋನಿಕ್ ಗಡಿಯಾರವನ್ನೇ (ಎಂದೂ ಹಿಂದೆ ಹೋಗದ ಎಣಿಕೆ) ಬಳಸಬೇಕು. ಮಾಮೂಲಿ ಗಡಿಯಾರವನ್ನು ನೆಟ್‌ನಿಂದ ತಿದ್ದುವಾಗ ಅದು ಹಿಂದೆಮುಂದೆ ಜಿಗಿಯಬಹುದು.

ನಿದ್ದೆಯೇ ಇಲ್ಲದೆ ಲೂಪ್‌ನಲ್ಲಿ ಗಡಿಯಾರ ನೋಡುತ್ತಾ ಕಾಯುವುದು ಎರಡನೇ ದಾರಿ. ಪೈನ ಪ್ರೊಸೆಸರ್‌ನ ನಾಲ್ಕು ಕೋರ್‌ಗಳಲ್ಲಿ ಒಂದು ಪೂರ್ತಿ ಅದಕ್ಕೇ ಹೋಗುತ್ತದೆ. ಕಲಬುರಗಿಯ ಮೇ ಬಿಸಿಲಿಗೆ ಪೈ ಕಾದು ತಾನೇ ನಿಧಾನವಾಯಿತು. ಬಿಟ್ಟೆ.

ಮೂರನೆಯದು ರಿಯಲ್‌ಟೈಮ್ ಲಿನಕ್ಸ್, ಅಂದರೆ ಪೈ ಓಡಿಸುವ ಲಿನಕ್ಸನ್ನೇ ತುರ್ತು ಕೆಲಸ ತಡವಾಗದಂತೆ ಹದ ಮಾಡಿದ್ದು. ಅದಕ್ಕೆ ಬೇಕಾದ ಪ್ರಿಎಂಪ್ಟ್-ಆರ್‌ಟಿ ಎಂಬ ಬದಲಾವಣೆ 2024ರ 6.12 ಕರ್ನಲ್‌ನಿಂದ (ಕರ್ನಲ್ ಅಂದರೆ ಲಿನಕ್ಸ್‌ನ ತಿರುಳು) ಮೂಲ ಲಿನಕ್ಸ್‌ನಲ್ಲೇ ಸಿಗುತ್ತದೆ. ವಾಲ್ವ್ ಕೆಲಸಕ್ಕೆ ಫಿಫೊ ಆದ್ಯತೆ (ಮಾಮೂಲಿ ಕೆಲಸಗಳಿಗಿಂತ ಮೊದಲ ಸರದಿ) ಕೊಟ್ಟು, ಎಬ್ಬಿಸುವುದು ಎಷ್ಟು ತಡವಾಯಿತೆಂದು ಅಳೆಯುವ ಸೈಕ್ಲಿಕ್‌ಟೆಸ್ಟ್ ಹಚ್ಚಿದೆ. ಅದರಲ್ಲಿ ಸರಾಸರಿ ನೋಡಿ ಖುಷಿಪಡಬೇಡಿ, 'ಮ್ಯಾಕ್ಸ್' (ಅತಿ ಹೆಚ್ಚಿನ ತಡ) ಅಂಕಣ ನೋಡಿ. ಒಂದೇ ಒಂದು ತಡವಾದ ಸಲವೂ ಬೇಳೆ ಹಾಳು ಮಾಡುತ್ತದೆ, ಅಲ್ವಾ? ಫಲಿತಾಂಶ ನಿಜಕ್ಕೂ ಒಳ್ಳೆಯದಿತ್ತು. ಒಂದೇ ಪೆಟ್ಟಿಗೆಯಲ್ಲಿ ಎಲ್ಲ ಮುಗಿಯಬೇಕು ಅನ್ನುವವರು ಇದನ್ನೇ ಹಿಡಿಯಲಿ. ಆದರೆ ಹೊಸ ಡ್ರೈವರ್ ಹಾಕಿದಾಗಲೆಲ್ಲ ಮತ್ತೆ ಗಂಟೆಗಟ್ಟಲೆ ಪರೀಕ್ಷಿಸಬೇಕು.

ನಾನು ಉಳಿಸಿಕೊಂಡದ್ದು ನಾಲ್ಕನೇ ದಾರಿ, ಪೈ ಜೊತೆಗೆ ಆರ್ಡುಯಿನೊ ಊನೊ. 16 ಮೆಗಾಹರ್ಟ್ಸ್‌ನ ಸಣ್ಣ ಬೋರ್ಡು, ಅದರಲ್ಲಿ ಬೇರೆ ಯಾವ ಪ್ರೋಗ್ರಾಂ ಕೂಡ ನಡುವೆ ಬರುವುದಿಲ್ಲ. ಮೊದಲು ಪೈ ಹೇಳಿದಾಗ ಆರ್ಡುಯಿನೊ ಎಣಿಸುವಂತೆ ಮಾಡಿದ್ದೆ, ಸುಮ್ನೆ ಪೈನ ತಡ ಅಲ್ಲಿಗೂ ಬಂತು. ಆಮೇಲೆ ತಿರುಗಿಸಿದೆ. ಈಗ ಫೋಟೊ ತೆಗೆ ಎಂದು ಕ್ಯಾಮೆರಾಗೆ ಹೇಳುವುದೇ ಆರ್ಡುಯಿನೊ. ಎಣಿಕೆ ಅಲ್ಲಿಂದಲೇ ಶುರು. ಈ ಫೋಟೊದಲ್ಲಿ ಕರಿ ಕಾಳಿದೆಯಾ ಎಂದು ಪೈ 300ರೊಳಗೆ ಯಾವಾಗ ಹೇಳಿದರೂ ಸರಿ. ಊನೊದ ಗಡಿಯಾರ ದಿನವಿಡೀ ಸಮಯ ಹೇಳುವಷ್ಟು ನಿಖರವಲ್ಲ, ಆದರೆ 300 ಮಿಲಿಸೆಕೆಂಡಿಗೆ ಧಾರಾಳ ಸಾಕು.

ವಾಲ್ವ್ ತೆರೆಯಲು ತಾನೂ ಸ್ವಲ್ಪ ಸಮಯ ತಗೊಳ್ಳುತ್ತದೆ. ಅದು ಪ್ರತಿ ಸಲ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ 300ರಲ್ಲಿ ಕಳೆದಿದ್ದೇನೆ.