ನೊಣಕ್ಕೆ ಸರಿ, ಮಂಗದ ಮುಂದೆ ನಿಲ್ಲದು: ಮೋಹಕ ಬಲೆಯ ವಿಮರ್ಶೆ

ಗಂಗಾವತಿ ತಾಲ್ಲೂಕಿನ ಗುಡ್ಡದಂಚಿನಲ್ಲಿರುವ ನಮ್ಮ ಮಾವು ಮತ್ತು ಪೇರಲ ತೋಟಕ್ಕೆ ಈ ಹಂಗಾಮಿನಲ್ಲಿ ಹಣ್ಣುನೊಣದ ಮೋಹಕ ಬಲೆಗಳನ್ನು ತಂದು ಕಟ್ಟಿದ್ದೇವೆ. ಹಳದಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಮೀಥೈಲ್ ಯೂಜೆನಾಲ್ (ವಾಸನೆಯಿಂದ ಗಂಡು ನೊಣವನ್ನು ಸೆಳೆಯುವ ರಾಸಾಯನಿಕ) ಮತ್ತು ಕೀಟನಾಶಕ ಹೀರಿಸಿದ ಪ್ಲೈವುಡ್ ತುಂಡು, ತೂಗುಹಾಕಲು ತೆಳುವಾದ ತಂತಿ, ಇಷ್ಟೇ ಸರಕು.

ನೊಣದ ಮಟ್ಟಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್ ಎಂಬ ಈ ನೊಣದ ಹೆಣ್ಣು ಬಲಿಯುತ್ತಿರುವ ಕಾಯಿಯ ಸಿಪ್ಪೆಯನ್ನು ಚುಚ್ಚಿ ಮೊಟ್ಟೆಯಿಡುತ್ತದೆ. ಹೊರಗೆ ಸೂಜಿಮೊನೆಯಷ್ಟು ಕಲೆ ಮಾತ್ರ ಕಾಣುತ್ತದೆ, ಹಣ್ಣನ್ನು ಹೆಚ್ಚಿದಾಗ ತಿರುಳಿನಲ್ಲಿ ಬಿಳಿ ಹುಳುಗಳು ಮಿಸುಕಾಡುತ್ತವೆ. 2014ರಲ್ಲಿ ಐರೋಪ್ಯ ಒಕ್ಕೂಟವು ಭಾರತದ ಮಾವನ್ನು ತಡೆಹಿಡಿದದ್ದು ಹಣ್ಣುನೊಣದ ಕಾರಣಕ್ಕೇ. ಬಲೆಗೆ ಬೀಳುವುದು ಗಂಡು ನೊಣಗಳಷ್ಟೇ ಆದರೂ, ಗಂಡು ಕಡಿಮೆಯಾದಂತೆ ಮೊಟ್ಟೆಗಳು ಫಲಿಸುವುದೂ ಕಡಿಮೆಯಾಗುತ್ತದೆ. ಡಬ್ಬಿಯ ತಳದಲ್ಲಿ ಸತ್ತ ನೊಣಗಳು ಒಂದರ ಮೇಲೊಂದು ಬಿದ್ದು ಕಂದು ಪದರವೇ ಕಟ್ಟಿತ್ತು. ಹೀರೆ, ಸೌತೆಯ ಬಳ್ಳಿಗಳನ್ನು ಕಾಡುವ ನೊಣ ಇದಕ್ಕೆ ಬರುವುದಿಲ್ಲ, ಅದಕ್ಕೆ ಕ್ಯೂ-ಲ್ಯೂರ್ ಎಂಬ ಬೇರೆಯದೇ ಮೋಹಕ ಬೇಕು ಎಂಬುದನ್ನು ಅಂಗಡಿಯವರು ಕೇಳದೆ ಹೇಳುವುದಿಲ್ಲ.

ಡಬ್ಬಿಯ ಹುಳುಕು ಬಯಲಾಗುವುದು ಮಂಗದ ಕೈಗೆ ಸಿಕ್ಕಾಗ. ನಮ್ಮ ಕಡೆಯ ಮಂಗ, ಅಂದರೆ ನೆತ್ತಿಯ ಮೇಲೆ ಟೋಪಿಯಂತೆ ಕೂದಲು ಹರಡಿಕೊಂಡಿರುವ ಬಾನೆಟ್ ಮಕಾಕ್, ತಂತಿಯನ್ನು ಬಗ್ಗಿಸಿ ಡಬ್ಬಿಯನ್ನು ಇಳಿಸುತ್ತದೆ, ಮುಚ್ಚಳ ಕಿತ್ತು ಮೂಸುತ್ತದೆ, ವಿಷ ಹೀರಿದ ತುಂಡನ್ನು ಮಣ್ಣಿಗೆ ಎಸೆದು ಕೆನ್ನೆಚೀಲದ ತುಂಬ ಪೇರಲ ತುರುಕಿಕೊಂಡು ಹೋಗುತ್ತದೆ. ನೊಣ ತಲೆಮಾರು ತಲೆಮಾರಿಗೂ ಅದೇ ವಾಸನೆಗೆ ಮರುಳಾಗುತ್ತದೆ. ಮಂಗನ ಮರಿಯಾದರೋ ತಾಯಿಯ ಪಕ್ಕದಲ್ಲಿ ಕುಳಿತು ಕಲಿಯುತ್ತದೆ, ಪಟಾಕಿಯ ಸದ್ದಿಗೂ ಬೇಗನೆ ಒಗ್ಗಿಕೊಳ್ಳುತ್ತದೆ. ಹನುಮ ಹುಟ್ಟಿದ ಬೆಟ್ಟವೆಂದು ಜನ ನಂಬುವ ಅಂಜನಾದ್ರಿಯ ಸೀಮೆಯಾದ್ದರಿಂದ ಅದಕ್ಕೆ ಕಲ್ಲೆಸೆಯಲು ಆಳುಗಳೂ ಹಿಂದೆಮುಂದೆ ನೋಡುತ್ತಾರೆ. ಊರಿನಲ್ಲಿ ಬೈಗುಳವೆಲ್ಲ ಮಂಗಕ್ಕೆ ಮೀಸಲಾದರೂ, ನನ್ನ ಲೆಕ್ಕದಲ್ಲಿ ನೊಣವೇ ದುಬಾರಿ, ಏಕೆಂದರೆ ಮಂಗ ಕಚ್ಚಿದ ಹಣ್ಣು ತೋಟದಲ್ಲೇ ಉಳಿಯುತ್ತದೆ, ನೊಣ ಚುಚ್ಚಿದ್ದು ಗಿರಾಕಿಯ ಮನೆಗೆ ಹೋಗಿ ಬೆಳೆದವರ ಹೆಸರು ಕೆಡಿಸುತ್ತದೆ.

ಕೊಳ್ಳುವವರು ತಿರುಪಿನ ಮುಚ್ಚಳವಿರುವ ಡಬ್ಬಿಯನ್ನೇ ಕೇಳಿ ಪಡೆಯಬೇಕು, ಕಟ್ಟಲು ದಪ್ಪ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿಯನ್ನು ಬೇರೆಯಾಗಿ ತರಬೇಕು. ಹುಳು ಮಣ್ಣಿಗಿಳಿದು ಕೋಶ ಕಟ್ಟುವುದರಿಂದ, ಉದುರಿದ ಹಣ್ಣನ್ನು ಆರಿಸಿ ಆಳವಾಗಿ ಹೂಳದಿದ್ದರೆ ಬಲೆಯೊಂದೇ ಸಾಲದು. ನೊಣ ಹಿಡಿಯುವುದಕ್ಕೆ ಐದರಲ್ಲಿ 4 ಅಂಕ, ಡಬ್ಬಿಯ ಗಟ್ಟಿತನಕ್ಕೆ 2.