ಅಂಬರಿನೊಳಗಿನ ಜೀರುಂಡೆ: ಸೂಕ್ಷ್ಮದರ್ಶಕವೋ, ಮೈಕ್ರೋ-ಸಿಟಿಯೋ?

ಅಂಬರಿನಲ್ಲಿ, ಅಂದರೆ ಕಲ್ಲಿನಂತೆ ಗಟ್ಟಿಯಾದ ಹಳೆಯ ಮರದ ಅಂಟಿನಲ್ಲಿ, ಸಿಕ್ಕ ಜೀರುಂಡೆಗೆ ಹೊಸ ಹೆಸರು ಕೊಡಬೇಕಾದರೆ ಅದರ ಬೆನ್ನು, ಹೊಟ್ಟೆ, ಕಾಲು ಎಲ್ಲ ಕಾಣಬೇಕು. ಆದರೆ ಹುಳು ಹೇಗೆ ಸಿಕ್ಕಿಕೊಂಡಿದೆಯೋ ಹಾಗೆಯೇ ನೋಡಬೇಕು. ಮಡಚಿದ ಕಾಲನ್ನು ಎಳೆದು ಬಿಡಿಸಲು ಬರುವುದಿಲ್ಲ. ಬಾಲ್ಟಿಕ್ ಅಂಬರಿನ ಒಂದೇ ಮಾದರಿಯನ್ನು ನಾನು ಬೆಳಕಿನ ಸೂಕ್ಷ್ಮದರ್ಶಕ, ಕಾನ್‌ಫೋಕಲ್ (ಲೇಸರ್ ಬಳಸುವ ಸೂಕ್ಷ್ಮದರ್ಶಕ), ಮೈಕ್ರೋ-ಸಿಟಿ (ಎಕ್ಸ್-ರೇಯಿಂದ ಒಳಭಾಗವನ್ನು ಪದರ ಪದರವಾಗಿ ತೋರಿಸುವ ಸ್ಕ್ಯಾನ್) ಮೂರರಲ್ಲೂ ನೋಡಿದೆ. ನನ್ನ ಮನಸ್ಸು ಈಗಲೂ ಸೂಕ್ಷ್ಮದರ್ಶಕದ ಕಡೆಗೇ. ಆದರೆ ಹುಳು ಯಾವ ಗುಂಪಿನದ್ದು ಎಂಬುದನ್ನು ತೀರ್ಮಾನಿಸಿದ್ದು ಸಿಟಿ.

ಸೂಕ್ಷ್ಮದರ್ಶಕದಲ್ಲಿ ಮೊದಲು ಕಾಡುವುದು ಅಂಬರಿನ ಮೇಲ್ಮೈ. ಅಂಬರಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಸುಮಾರು 1.54. ಗಾಳಿಗೂ ಅದಕ್ಕೂ ಅಂತರ ಜಾಸ್ತಿ, ಹಾಗಾಗಿ ಪ್ರತಿ ಗೀರೂ ಹೊಳೆಯುತ್ತದೆ. ಒಂದು ಹನಿ ಗ್ಲಿಸರಿನ್ ಹಾಕಿ ಕವರ್‌ಸ್ಲಿಪ್ ಇಟ್ಟರೆ ಗೀರುಗಳು ಬಹುಪಾಲು ಮಾಯ. ಗ್ಲಿಸರಿನ್‌ನ ಸೂಚ್ಯಂಕ 1.47, ಅಂಬರಿಗೆ ಹತ್ತಿರ. ಆಮೇಲೆ ಬೇರೆಬೇರೆ ಆಳದಲ್ಲಿ ತೆಗೆದ ಚಿತ್ರಗಳನ್ನು ಜೋಡಿಸಿದರೆ ರೆಕ್ಕೆಕವಚದ ಚುಕ್ಕೆಗುಳಿಗಳು, ಅವುಗಳ ನಡುವಿನ ಸಣ್ಣ ರೋಮ, ಮೀಸೆಯ ತುದಿಯ ಗದೆ, ಎಲ್ಲ ಎಷ್ಟು ಸ್ಪಷ್ಟ! ಸುಮಾರು 4 ಕೋಟಿ ವರ್ಷ ಹಳೆಯ ರೋಮ ಅದು. ಬೇರೆ ಯಾವ ಉಪಕರಣವೂ ನನಗೆ ಇದನ್ನು ಇಷ್ಟು ಚೆನ್ನಾಗಿ ತೋರಿಸಲಿಲ್ಲ.

ಹೊಟ್ಟೆಯ ಕಡೆ ತಿರುಗಿಸಿದರೆ ಮಾತ್ರ ಬಿಳಿ ಹಾಲಿನಂಥ ಪೊರೆ. ಬಾಲ್ಟಿಕ್ ಅಂಬರಿನಲ್ಲಿ ಇದು ಮಾಮೂಲು. ಹಿಂಗಾಲಿನ ಪಾದದಲ್ಲಿ ಎಷ್ಟು ಗೆಣ್ಣು ಎಂದು ಎಣಿಸಲು ಆಗುವುದೇ ಇಲ್ಲ. ಅಂಬರನ್ನು ಇನ್ನಷ್ಟು ತೇಯ್ದರೂ ಆ ಪೊರೆ ಹೋಗುವುದಿಲ್ಲ, ಅದು ಹುಳುವಿಗೇ ಅಂಟಿಕೊಂಡಿರುತ್ತದೆ.

ಕಾನ್‌ಫೋಕಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲೇಸರ್ ಬಿದ್ದಾಗ ಹುಳುವಿನ ಹೊರಕವಚ ಮಿನುಗುತ್ತದೆ ನಿಜ, ಆದರೆ ಅಂಬರೂ ಮಿನುಗುತ್ತದೆ. ಹುಳು ಮೇಲ್ಮೈಗೆ ತೀರಾ ಹತ್ತಿರ ಇದ್ದರೆ ಬಾಯಿಯ ಭಾಗಗಳಿಗೆ ಒಳ್ಳೆಯದು. ನನ್ನದು ಆಳದಲ್ಲಿತ್ತು.

ಮೈಕ್ರೋ-ಸಿಟಿಗೆ ಹಾಲಿನ ಪೊರೆ ಅಡ್ಡಿಯೇ ಅಲ್ಲ. ಆ ಬಿಳುಪು ಬರುವುದು ಸಣ್ಣ ಸಣ್ಣ ಗುಳ್ಳೆಗಳಿಂದ. ಅವು ಬೆಳಕನ್ನು ಚೆದುರಿಸುತ್ತವೆ, ಎಕ್ಸ್-ರೇ ಮಾತ್ರ ಸಲೀಸಾಗಿ ದಾಟುತ್ತದೆ. ಬಾಲ್ಟಿಕ್ ಅಂಬರಿನ ಹುಳುಗಳು ಒಳಗೆ ಎಷ್ಟೋ ಸಲ ಟೊಳ್ಳಾಗಿರುತ್ತವೆ. ಆ ಟೊಳ್ಳಿಗೂ ಸುತ್ತಲಿನ ಅಂಬರಿಗೂ ಇರುವ ಸಾಂದ್ರತೆಯ ವ್ಯತ್ಯಾಸವೇ ಚಿತ್ರವಾಗುತ್ತದೆ. ಕೊನೆಗೂ ಪಾದದ ಗೆಣ್ಣುಗಳ ಲೆಕ್ಕ ಸಿಕ್ಕಿತು: ಮುಂದಿನ ಎರಡು ಜೊತೆ ಕಾಲುಗಳಲ್ಲಿ 5 ಗೆಣ್ಣು, ಹಿಂಗಾಲಿನಲ್ಲಿ 4. ಟೆನೆಬ್ರಿಯೊನೊಯಿಡಿಯಾ ಎಂಬ ಜೀರುಂಡೆಗಳ ಗುಂಪನ್ನು ಗುರುತಿಸುವ ಮುಖ್ಯ ಲಕ್ಷಣ ಇದು. ಇಷ್ಟು ಗೊತ್ತಾಗದೆ ಹೊಸ ಪ್ರಭೇದ ಎಂದು ಬರೆಯುವುದು ಸರಿಯಲ್ಲ, ಅಲ್ವಾ?

ಅದೃಷ್ಟವಿದ್ದರೆ ಗಂಡಿನ ಜನನಾಂಗವೂ ಕಾಣುತ್ತದೆ. ಜೀರುಂಡೆಗಳಲ್ಲಿ ಹತ್ತಿರದ ಪ್ರಭೇದಗಳನ್ನು ಬೇರೆ ಮಾಡುವುದು ಬಹಳ ಸಲ ಅದೇ. 2011ರಲ್ಲಿ ಪೆರೋ ಮತ್ತು ತಾಫೋರೋ ಎಂಬ ಸಂಶೋಧಕರು ಸಿಂಕ್ರೋಟ್ರಾನ್ (ಬಹಳ ಜೋರಾದ ಎಕ್ಸ್-ರೇ ಕೊಡುವ ಯಂತ್ರ) ಬಳಸಿ ಬಾಲ್ಟಿಕ್ ಅಂಬರಿನ ಜೀರುಂಡೆಯೊಂದರ ಜನನಾಂಗವನ್ನು, ಅಂಬರನ್ನು ಮುಟ್ಟದೆ, ಕಂಪ್ಯೂಟರಿನಲ್ಲೇ ಬಿಡಿಸಿ ತೋರಿಸಿದರು. ಅದಕ್ಕೆ ಇಟ್ಟ ಹೆಸರು ನೆಮಾಡಸ್ ಮೈಕ್ರೋಟೊಮೊಗ್ರಾಫಿಕಸ್. ಮೈಕ್ರೋಟೊಮೊಗ್ರಫಿ ಎಂದರೆ ಮೈಕ್ರೋ-ಸಿಟಿಯೇ. ವಿಧಾನಕ್ಕೇ ಸಂದ ಗೌರವ, ಓದಿದಾಗೆಲ್ಲ ಖುಷಿಯಾಗುತ್ತದೆ.

ಸಿಟಿಯ ಕೊರತೆ ಸಣ್ಣದಲ್ಲ. ಬಣ್ಣ ಇಲ್ಲ. ವಾಕ್ಸೆಲ್‌ಗಿಂತ, ಅಂದರೆ ಸ್ಕ್ಯಾನ್ ಚಿತ್ರದ ಅತಿ ಸಣ್ಣ ಘನಚುಕ್ಕೆಗಿಂತ, ತೆಳುವಾದ ರೋಮ ಕಳೆದುಹೋಗುತ್ತದೆ, ಹುಳು ಬೋಳಾಗಿ ಕಾಣುತ್ತದೆ. ಅಂಚು ಎಲ್ಲಿ ಎಂದು ಪದರ ಪದರವಾಗಿ ಗುರುತು ಮಾಡುವುದು ಬಹುಮಟ್ಟಿಗೆ ಮನುಷ್ಯನೇ. ಆದ್ದರಿಂದ ಸುಮ್ನೆ ಚಂದದ ಮೂರು ಆಯಾಮದ ಚಿತ್ರ ಮಾತ್ರ ಪ್ರಕಟಿಸಿದರೆ ಸಾಲದು, ಮೂಲ ಪದರಗಳನ್ನೂ ಕೊಡಬೇಕು. ಈ ಮಾತನ್ನು ನಾನು ಬಿಟ್ಟುಕೊಡುವುದಿಲ್ಲ.

ಒಂದನ್ನೇ ಆರಿಸಬೇಕೆಂದರೆ, ಹೊಟ್ಟೆಯ ಕಡೆ ತಿಳಿಯಾಗಿರುವ ಮಾದರಿಗೆ ಸೂಕ್ಷ್ಮದರ್ಶಕ ಸಾಕು. ಪೊರೆ ಇದ್ದರೆ ಸಿಟಿ ಬೇಕೇ ಬೇಕು. ಎರಡೂ ಸಿಗುವುದಾದರೆ ಕ್ರಮ ಮುಖ್ಯ. ಮೊದಲು ಫೋಟೋ, ಏಕೆಂದರೆ ಸಿಂಕ್ರೋಟ್ರಾನಿನಂಥ ಜೋರಾದ ಎಕ್ಸ್-ರೇಗೆ ಅಂಬರ್ ಕಪ್ಪಾಗಬಹುದು. ಆಮೇಲೆ ಸಿಟಿ. ತೇಯುವುದು, ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟಿನಲ್ಲಿ ಕೂರಿಸುವುದು ಎಲ್ಲ ಕೊನೆಗೆ. ಹುಳು ಎಷ್ಟು ಆಳದಲ್ಲಿದೆ, ಮೀಸೆ ಯಾವ ಕಡೆ ಚಾಚಿದೆ ಎಂದು ಸ್ಕ್ಯಾನಿನಲ್ಲಿ ಮೊದಲೇ ಗೊತ್ತಾಗಿರುತ್ತದೆ. ಹಾಗಾಗಿ ಯಾವ ಬದಿಯನ್ನು, ಎಷ್ಟರವರೆಗೆ ತೇಯಬಹುದು ಎಂದು ನೋಡಿಕೊಂಡೇ ಕೈ ಹಾಕಬಹುದು.